ಕೌನ್ಸೆಲರ್ ಯಾಕೆ ಬಳಲಿ ಹೋಗುತ್ತಾರೆ? ಜೊತೆಗಾರರ ಗುಂಪು ಏನು ಮಾಡಬಲ್ಲದು?

ಕಾಸರಗೋಡಿನಲ್ಲಿ ಮನಸ್ಸಿನ ತೊಂದರೆಗೆ ಯಾರ ಹತ್ತಿರ ಹೋಗುವುದು ಎಂದು ಕೇಳಿ ನೋಡಿ. ಹೆಚ್ಚಿನವರು ಮಂಗಳೂರಿನ ಕಡೆಗೆ ಕೈ ತೋರಿಸುತ್ತಾರೆ. ದೊಡ್ಡ ಆಸ್ಪತ್ರೆ, ದೊಡ್ಡ ಡಾಕ್ಟ್ರು ಎಲ್ಲ ಕರ್ನಾಟಕದ ಗಡಿಯ ತಲಪಾಡಿ ದಾಟಿದ ಮೇಲೆ. ಆದರೆ ದಿನದಿನದ ಕೆಲಸದ ದೊಡ್ಡ ಪಾಲು ಹೊರುವವರು ಗಡಿಯ ಈಚೆಗೇ ಇದ್ದಾರೆ. ಶಾಲೆಯ ಕೌನ್ಸೆಲಿಂಗ್ ಟೀಚರ್. ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಬಡ್ಸ್ ಶಾಲೆಯ ಟೀಚರ್, ಅಲ್ಲಿಗೆ ಬರುವ ಸ್ಪೀಚ್ ಥೆರಪಿಸ್ಟ್, ಫಿಸಿಯೋಥೆರಪಿಸ್ಟ್. ಹಾಸಿಗೆ ಹಿಡಿದವರ ಆರೈಕೆಗೆ ಮನೆಮನೆಗೆ ಹೋಗುವ ಪ್ಯಾಲಿಯೇಟಿವ್ ನರ್ಸ್. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ. ಪೇಟೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಕೂತ ಸೈಕಾಲಜಿಸ್ಟ್.

ಇವರೆಲ್ಲರ ಕೆಲಸ ಬೇರೆ ಬೇರೆ. ಒಂದು ವಿಷಯ ಮಾತ್ರ ಸಮಾನ. ಬೇರೆಯವರ ಕಷ್ಟದ ಎದುರು ದಿನಾ ಕೂರುವುದು, ಕೇಳಿದ್ದನ್ನು ಮನೆಗೆ ಹೋಗಿ ಹೇಳುವಂತಿಲ್ಲದಿರುವುದು.

ಈ ಬರಹ ಅವರ ಬಳಲಿಕೆಯ ಬಗ್ಗೆ. ಅದು ಹೇಗೆ ಬರುತ್ತದೆ, ಅದನ್ನು ತಡೆಯುವುದರಲ್ಲಿ ಜೊತೆಗಾರರ ಗುಂಪಿಗೆ ಯಾಕೆ ಅಷ್ಟು ದೊಡ್ಡ ಪಾತ್ರ ಇದೆ ಎಂಬುದರ ಬಗ್ಗೆ. ‘ಸ್ವಲ್ಪ ರೆಸ್ಟ್ ತಗೊಳ್ಳಿ, ಯೋಗ ಮಾಡಿ’ ಎಂಬ ಸಲಹೆ ಎಲ್ಲರಿಗೂ ಸಿಗುತ್ತದೆ. ನನ್ನ ಪ್ರಕಾರ ಅದು ತಪ್ಪಲ್ಲ, ಸಾಲದು ಅಷ್ಟೇ.

ಬರ್ನ್‌ಔಟ್ ಎಂದರೆ ಎಂತದು?

ಈ ಸ್ಥಿತಿಯನ್ನು ಮೊದಲು ಗುರುತಿಸಿ ಬರೆದವರಲ್ಲಿ ಒಬ್ಬರು ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ನ್ಯೂಯಾರ್ಕ್‌ನ ಸೈಕಾಲಜಿಸ್ಟ್. ಹಗಲಿಡೀ ತಮ್ಮ ಸ್ವಂತ ಪ್ರಾಕ್ಟೀಸ್, ಆಮೇಲೆ ರಾತ್ರಿ ಬಡವರ ಉಚಿತ ಕ್ಲಿನಿಕ್‌ನಲ್ಲಿ ಕೆಲಸ. ಅಲ್ಲಿನ ಸ್ವಯಂಸೇವಕರಲ್ಲಿ ಮತ್ತು ತಮ್ಮಲ್ಲೇ ಕಂಡದ್ದನ್ನು ಅವರು 1974ರಲ್ಲಿ ಬರೆದರು. ಈಗ ಐಟಿಯವರಿಂದ ಹಿಡಿದು ಬ್ಯಾಂಕಿನವರ ತನಕ ಎಲ್ಲರೂ ‘ಬರ್ನ್‌ಔಟ್ ಆಗಿದೆ’ ಅನ್ನುತ್ತಾರೆ. ಆದರೆ ಆ ಮಾತು ಹುಟ್ಟಿದ್ದೇ ಕಷ್ಟದಲ್ಲಿರುವವರಿಗೆ ನೆರವಾಗುವವರ ನಡುವೆ.

ಆಮೇಲೆ ಅಮೆರಿಕದ ಕ್ರಿಸ್ಟಿನಾ ಮಾಸ್ಲಾಕ್ ಇದನ್ನು ಅಳೆಯುವ ಪ್ರಶ್ನಾವಳಿ ಸಿದ್ಧಪಡಿಸಿದರು. 1981ರಲ್ಲಿ ಬಂದ ಅದನ್ನು ಇವತ್ತಿಗೂ ಬಳಸುತ್ತಾರೆ. ಅವರ ಪ್ರಕಾರ ಬರ್ನ್‌ಔಟ್‌ಗೆ ಮೂರು ಮುಖ. ಮೊದಲನೆಯದು ಮನಸ್ಸು ಪೂರ್ತಿ ಸುಸ್ತಾಗುವುದು. ಎರಡನೆಯದು ಎದುರಿಗಿರುವ ಮನುಷ್ಯ ಮನುಷ್ಯನಾಗಿ ಕಾಣದೆ ಹೋಗುವುದು. ಮೂರನೆಯದು ‘ನಾನು ಮಾಡುವುದರಿಂದ ಯಾರಿಗೂ ಏನೂ ಆಗುವುದಿಲ್ಲ’ ಎಂಬ ಭಾವನೆ.

ಸುಸ್ತನ್ನು ಎಲ್ಲರೂ ಗುರುತಿಸುತ್ತಾರೆ. ಎರಡನೆಯದನ್ನು ಹಿಡಿಯುವುದು ಕಷ್ಟ, ಯಾಕೆಂದರೆ ಅದು ಅನುಭವದ ವೇಷ ಹಾಕಿಕೊಂಡು ಬರುತ್ತದೆ. ಹೆಸರಿದ್ದ ಹುಡುಗಿ ‘ಮೂರು ಗಂಟೆಯ ಕೇಸ್’ ಆಗುತ್ತಾಳೆ. ಎಂಡೋಸಲ್ಫಾನ್ ಸಂತ್ರಸ್ತ ಮಗುವಿನ ತಾಯಿ ‘ಅದೇ ಎಂಡೋ ಕೇಸ್’ ಆಗುತ್ತಾರೆ. ‘ಇಂಥವರನ್ನು ನಾನು ತುಂಬಾ ನೋಡಿದ್ದೇನೆ’ ಎಂಬ ಮಾತು ಬಾಯಿಗೆ ಬರುತ್ತದೆ. ಕ್ಲೈಂಟ್ ಬರುವುದಿಲ್ಲ ಎಂದು ಫೋನ್ ಮಾಡಿದರೆ ಒಳಗೊಳಗೆ ಖುಷಿಯಾಗುತ್ತದೆ. ಅದೂ ಒಂದು ದಿನ ಅಲ್ಲ, ಪ್ರತಿಸಲ. ಒಬ್ಬರ ಕತೆ ಇನ್ನೊಬ್ಬರ ಕತೆಯೊಂದಿಗೆ ಕಲಸಿ ಹೋಗುತ್ತದೆ. ಬರೆಯಬೇಕಾದ ನೋಟ್ಸ್ ರಾಶಿ ಬೀಳುತ್ತವೆ. ಮಾತು ಪೂರ್ತಿ ಕೇಳುವ ಮೊದಲೇ ಸಲಹೆ ಕೊಟ್ಟು ಮುಗಿಸುವ ಅವಸರ.

ಇವೆಲ್ಲಕ್ಕಿಂತ ಅಪಾಯದ ಲಕ್ಷಣ ಇನ್ನೊಂದಿದೆ. ಎದುರಿಗಿರುವವರಿಗೆ ಸಾಯುವ ಯೋಚನೆ ಇರಬಹುದು ಅನ್ನಿಸುತ್ತದೆ. ನೇರವಾಗಿ ಕೇಳಬೇಕು ಎಂದು ತರಬೇತಿಯಲ್ಲಿ ಕಲಿತದ್ದು ನೆನಪಿದೆ. ಆದರೂ ಕೇಳುವುದಿಲ್ಲ. ‘ಹೌದು’ ಎಂಬ ಉತ್ತರ ಬಂದರೆ ಆಮೇಲಿನ ಎರಡು ಗಂಟೆ, ಮನೆಯವರಿಗೆ ಫೋನ್, ರೆಫರ್ ಮಾಡುವುದು, ಇದನ್ನೆಲ್ಲ ಹೊರುವ ಶಕ್ತಿ ಇವತ್ತು ಇಲ್ಲ. ಅಂದರೆ ಥೆರಪಿಸ್ಟ್‌ನ ಬಳಲಿಕೆ ಅವರ ಮನೆಯ ವಿಷಯವಾಗಿ ಮಾತ್ರ ಉಳಿಯುವುದಿಲ್ಲ. ಅದರ ಬೆಲೆಯನ್ನು ಕ್ಲೈಂಟ್ ಕೊಡುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ಮಾತನ್ನು ಸ್ಪಷ್ಟ ಮಾಡಿತು. ಅದರ ರೋಗಗಳ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಬರ್ನ್‌ಔಟ್ ಇದೆ. ಆದರೆ ಕಾಯಿಲೆಯಾಗಿ ಅಲ್ಲ, ಕೆಲಸದಿಂದ ಬರುವ ಸ್ಥಿತಿಯಾಗಿ. ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡ ಬಹುಕಾಲ ಮುಂದುವರಿದರೆ ಉಂಟಾಗುವಂಥದ್ದು. ಈ ವ್ಯತ್ಯಾಸ ಬರೀ ತಾಂತ್ರಿಕವಲ್ಲ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವವನ ಕಣ್ಣು ಉರಿದರೆ ‘ನಿನ್ನ ಕಣ್ಣು ವೀಕು’ ಎಂದು ಯಾರೂ ಹೇಳುವುದಿಲ್ಲ, ಅಲ್ವಾ? ಮದ್ದು ಯಾವುದು, ಗಾಳಿ ಯಾವ ಕಡೆ, ಕನ್ನಡಕ ಹಾಕಿದ್ದನೋ ಎಂದು ಕೇಳುತ್ತಾರೆ. ಕೌನ್ಸೆಲರ್ ಬಳಲಿದರೆ ಮಾತ್ರ ‘ಇವರಿಗೆ ಈ ಕೆಲಸ ಆಗಲಿಕ್ಕಿಲ್ಲ’ ಎನ್ನುತ್ತೇವೆ.

ಬರ್ನ್‌ಔಟ್‌ನ ಪಕ್ಕದಲ್ಲೇ ಇನ್ನೆರಡು ಇವೆ. ಇನ್ನೊಬ್ಬರ ನೋವಿಗೆ ಮಿಡಿದು ಮಿಡಿದು ಮಿಡಿಯುವ ಶಕ್ತಿಯೇ ತೀರುವುದು ಒಂದು. ಇದನ್ನು ಕಂಪ್ಯಾಶನ್ ಫಟೀಗ್ ಅನ್ನುತ್ತಾರೆ. ದೌರ್ಜನ್ಯದ ಕತೆಗಳನ್ನು ಕೇಳಿ ಕೇಳಿ ಜಗತ್ತಿನ ಮೇಲಿನ ನಂಬಿಕೆಯೇ ಬದಲಾಗುವುದು ಇನ್ನೊಂದು. ಮಕ್ಕಳ ಮೇಲಿನ ದೌರ್ಜನ್ಯದ ಕೇಸ್‌ಗಳನ್ನೇ ನೋಡುವವರು ತಮ್ಮ ಮಗಳನ್ನು ಪಕ್ಕದ ಮನೆಗೆ ಆಡಲು ಕಳಿಸಲೂ ಹೆದರಲು ಶುರು ಮಾಡುತ್ತಾರೆ. ಇದಕ್ಕೆ ವೈಕೇರಿಯಸ್ ಟ್ರಾಮಾ ಎಂಬ ಹೆಸರಿದೆ. 1990ರಲ್ಲಿ ಮೆಕ್‌ಕ್ಯಾನ್ ಮತ್ತು ಪರ್ಲ್‌ಮನ್ ಎಂಬ ಇಬ್ಬರು ಸಂಶೋಧಕರು ಇದನ್ನು ವಿವರಿಸಿದರು. ಮೂರೂ ಒಬ್ಬರಲ್ಲೇ ಒಟ್ಟಿಗೆ ಇರಬಹುದು. ಖಿನ್ನತೆ ಮಾತ್ರ ಬೇರೆ. ಅದು ಕೆಲಸ ಬಿಟ್ಟು ಮನೆಗೆ ಬಂದರೂ, ರಜೆ ಹಾಕಿದರೂ ಜೊತೆಗೇ ಬರುತ್ತದೆ. ಅದಕ್ಕೆ ಚಿಕಿತ್ಸೆಯೇ ಬೇಕು.

ನೋವು ಕೇಳುವುದರಿಂದ ಬಳಲುತ್ತಾರೋ, ಒಂಟಿಯಾಗಿ ಕೇಳುವುದರಿಂದಲೋ?

ದುಃಖದ ಕತೆ ಕೇಳಿದರೆ ಬಳಲಿಕೆ ಬರುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅರ್ಧ ಸತ್ಯ. ಓಲ್ಗಾ ಕ್ಲಿಮೆಕಿ ಮತ್ತು ಟಾನಿಯಾ ಸಿಂಗರ್ ಎಂಬ ಸಂಶೋಧಕರ ತಂಡದ ಒಂದು ಪ್ರಯೋಗದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಕಷ್ಟದಲ್ಲಿರುವ ಜನರ ವಿಡಿಯೋ ತೋರಿಸಿ, ಅವರ ನೋವನ್ನು ತಮ್ಮದೇ ಎಂಬಂತೆ ಅನುಭವಿಸುವ ತರಬೇತಿ ಕೊಟ್ಟಾಗ ನೋಡುಗರ ಸಂಕಟ ಏರಿತು. ಆಮೇಲೆ ಅದೇ ಜನರಿಗೆ ‘ಇವರಿಗೆ ಒಳ್ಳೆಯದಾಗಲಿ’ ಎಂಬ ಅಕ್ಕರೆಯನ್ನು ಬೆಳೆಸುವ ತರಬೇತಿ ಕೊಟ್ಟರು. ಸಂಕಟ ಇಳಿಯಿತು, ಒಳ್ಳೆಯ ಭಾವನೆ ಹೆಚ್ಚಿತು. ನೋವಿನೊಳಗೆ ಮುಳುಗುವುದು ಬೇರೆ, ನೋವಿನ ಪಕ್ಕದಲ್ಲಿ ನಿಲ್ಲುವುದು ಬೇರೆ. ಪಕ್ಕದಲ್ಲಿ ನಿಲ್ಲುವುದನ್ನು ಕಲಿಯಬಹುದು.

ಎಷ್ಟು ಕಲಿತರೂ ದಿನಾ ಒಬ್ಬರೇ ನಿಲ್ಲಲಾಗುವುದಿಲ್ಲ. ಮಾಸ್ಲಾಕ್ ಮತ್ತು ಅವರ ಜೊತೆಗಾರ ಮೈಕೆಲ್ ಲೈಟರ್ ಕೆಲಸದ ಜಾಗದಲ್ಲಿ ಆರು ವಿಷಯ ನೋಡಬೇಕು ಎನ್ನುತ್ತಾರೆ. ಕೆಲಸದ ಹೊರೆ, ಕೆಲಸದ ಮೇಲಿನ ಹಿಡಿತ, ಪ್ರತಿಫಲ, ಜೊತೆಗಾರರ ಬಳಗ, ನ್ಯಾಯ, ಮೌಲ್ಯಗಳು. ಇವುಗಳಲ್ಲಿ ಮನುಷ್ಯನಿಗೂ ಕೆಲಸಕ್ಕೂ ಹೊಂದಾಣಿಕೆ ತಪ್ಪಿದಷ್ಟೂ ಬಳಲಿಕೆ ಜಾಸ್ತಿ. ಹೊರೆ ಬಿಟ್ಟರೆ ಉಳಿದ ಐದರ ಬಗ್ಗೆ ನಾವು ಮಾತಾಡುವುದೇ ಕಡಿಮೆ.

ಥೆರಪಿಸ್ಟ್‌ನ ಕೆಲಸದಲ್ಲಿ ಬಳಗ ಇಲ್ಲದಿರುವುದು ಅಪವಾದವಲ್ಲ. ಕೆಲಸದ ಸ್ವಭಾವವೇ ಅದು. ಬಾಗಿಲು ಮುಚ್ಚಿದ ಕೋಣೆ, ಇಬ್ಬರೇ ಜನ. ಟೀಚರ್‌ಗೆ ಸ್ಟಾಫ್ ರೂಮ್ ಇದೆ. ನರ್ಸ್‌ಗೆ ಶಿಫ್ಟ್ ಬದಲಾಗುವಾಗ ಇನ್ನೊಬ್ಬರು ಸಿಗುತ್ತಾರೆ. ಕೌನ್ಸೆಲರ್ ಕೇಳಿದ್ದನ್ನು ಗಂಡನಿಗೂ ಹೇಳಬಾರದು, ಅಮ್ಮನಿಗೂ ಹೇಳಬಾರದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಗುಟ್ಟು ಕಾಯುವುದನ್ನು ರೋಗಿಯ ಹಕ್ಕು ಎಂದೇ ಹೇಳಿದೆ. ಆ ಹಕ್ಕು ಸರಿ, ಬೇಕು. ಆದರೆ ಅದು ಇದ್ದ ಮೇಲೆ ಕೇಳಿದ್ದನ್ನು ಇಳಿಸಿಡಲು ಒಂದೇ ಒಂದು ಜಾಗ ಉಳಿಯುತ್ತದೆ. ಅದೇ ಕೆಲಸ ಮಾಡುವ, ಅದೇ ಗುಟ್ಟಿನ ನಿಯಮ ಪಾಲಿಸುವ ಇನ್ನೊಬ್ಬರ ಎದುರು. ಅದಕ್ಕೇ ಜೊತೆಗಾರರ ಗುಂಪನ್ನು ನಾನು ಸೌಕರ್ಯ ಎನ್ನುವುದಿಲ್ಲ, ಕೆಲಸದ ಭಾಗ ಎನ್ನುತ್ತೇನೆ.

ಗಡಿಯ ಈಚೆ ಇರುವ ಹೊರೆ

ಕಾಸರಗೋಡಿನ ಲೆಕ್ಕ ಸ್ವಲ್ಪ ಬೇರೆ. ಮೊದಲು ಎಂಡೋಸಲ್ಫಾನ್ ಎಂಬ ಕೀಟನಾಶಕ. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಲ್ಲಿ ಮದ್ದು ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಹೇಳಿತು. ಎಣ್ಮಕಜೆ, ಮುಳಿಯಾರು, ಬೆಳ್ಳೂರಿನಂಥ ಪಂಚಾಯತ್‌ಗಳಲ್ಲಿ ಈ ಕತೆ ಗೊತ್ತಿಲ್ಲದ ಮನೆಯಿಲ್ಲ.

ಇಲ್ಲಿ ಥೆರಪಿಸ್ಟ್‌ಗೆ ಏನಾಗುತ್ತದೆ ನೋಡಿ. ಮಗುವಿನ ವ್ಯಾಯಾಮ ಹೇಳಿಕೊಡಲು ಹೋದವರನ್ನು ತಾಯಿ ಕೇಳುವುದು ಬೇರೆಯೇ ಪ್ರಶ್ನೆ. ‘ಟೀಚರೇ, ಸಂತ್ರಸ್ತರ ಪಟ್ಟಿಯಲ್ಲಿ ನಮ್ಮ ಹೆಸರು ಯಾಕೆ ಬರಲಿಲ್ಲ?’ ‘ಪೆನ್ಶನ್ ಯಾಕೆ ನಿಂತಿತು?’ ‘ನಾನು ಸತ್ತ ಮೇಲೆ ಇವನನ್ನು ನೋಡುವವರು ಯಾರು?’ ಇದರಲ್ಲಿ ಒಂದಕ್ಕೂ ಥೆರಪಿಸ್ಟ್ ಹತ್ತಿರ ಉತ್ತರವಿಲ್ಲ. ಆದರೆ ಮನೆಗೆ ಬರುವ ವ್ಯವಸ್ಥೆಯ ಮುಖ ಅವರದ್ದೊಂದೇ. ಹಾಗಾಗಿ ಸಿಟ್ಟು ಅವರ ಮೇಲೆ. ಸರಿ ಯಾವುದು ಎಂದು ಗೊತ್ತಿದ್ದೂ ಮಾಡಲು ಕೈಯಲ್ಲಿ ಅಧಿಕಾರ ಇಲ್ಲದ ಈ ಸಂಕಟವನ್ನು ಮೊದಲು ನರ್ಸ್‌ಗಳ ಕೆಲಸದಲ್ಲಿ ಗುರುತಿಸಿ ಬರೆದದ್ದು 1984ರಲ್ಲಿ. ಆರು ವಿಷಯಗಳಲ್ಲಿ ಎರಡನೆಯದು, ಹಿಡಿತ, ಇಲ್ಲಿ ಪೂರ್ತಿ ಕೈ ಬಿಟ್ಟಿರುತ್ತದೆ.

ಶಾಲೆಯ ಕೌನ್ಸೆಲಿಂಗ್ ಟೀಚರ್‌ಗಳದ್ದು ಇನ್ನೊಂದು ಕಷ್ಟ. ಮಗು ಬಂದು ತನ್ನ ಮೇಲಾದ ಲೈಂಗಿಕ ದೌರ್ಜನ್ಯ ಹೇಳಿದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೇ ಅಪರಾಧ. ಕಾಯ್ದೆ ಸರಿಯಾಗಿದೆ. ಆದರೆ ಟೀಚರ್ ಇರುವುದು ಅದೇ ಊರಿನಲ್ಲಿ. ಆರೋಪಿ ಯಾರದೋ ಮಾವ, ಯಾರದೋ ಬಸ್ ಡ್ರೈವರ್. ದೂರು ಹೋದ ಮರುದಿನ ಹೇಳಿದ್ದು ಯಾರು ಎಂದು ಊರಿಗೆಲ್ಲ ಗೊತ್ತು. ಮಗು ಅಳುತ್ತಾ ‘ನಿಮ್ಮನ್ನು ನಂಬಿ ಹೇಳಿದೆ’ ಅನ್ನಬಹುದು. ಮುಂದಿನ ವಾರ ಜಾತ್ರೆಯಲ್ಲಿ ಆ ಮನೆಯವರು ಎದುರಿಗೆ ಸಿಗುತ್ತಾರೆ. ಬೆಂಗಳೂರಿನ ಥೆರಪಿಸ್ಟ್‌ಗೆ ಕ್ಲೈಂಟ್ ಮಾಲ್‌ನಲ್ಲಿ ಸಿಕ್ಕರೆ ಮುಜುಗರ ಅಷ್ಟೇ. ಪೆರ್ಲದಲ್ಲೋ ಬದಿಯಡ್ಕದಲ್ಲೋ ಕ್ಲೈಂಟ್ ಅಂದರೆ ಮದುವೆ ಊಟದಲ್ಲಿ ಪಕ್ಕದ ಎಲೆಯವರು.

ಮೂರನೆಯದು ಗಡಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆಡಳಿತ ದಕ್ಷಿಣಕ್ಕೆ ತಿರುಗಿದರೂ ಚಿಕಿತ್ಸೆಯ ದಾರಿ ಉತ್ತರಕ್ಕೇ ಉಳಿಯಿತು. ಆ ದಾರಿ ಎಷ್ಟು ತೆಳುವಾದದ್ದು ಎಂಬುದು 2020ರ ಮಾರ್ಚ್‌ನಲ್ಲಿ ಗೊತ್ತಾಯಿತು. ಕೊರೋನಾಕ್ಕೆ ಹೆದರಿ ಗಡಿಯ ರಸ್ತೆಗಳಿಗೆ ಮಣ್ಣು ಹಾಕಿದಾಗ ಮಂಗಳೂರಿಗೆ ಹೊರಟ ರೋಗಿಗಳು ದಾರಿಯಲ್ಲೇ ಉಳಿದರು. ಕೆಲವರು ಸತ್ತರು. ಕೌನ್ಸೆಲರ್ ಮಟ್ಟಿಗೆ ಹೇಳುವುದಾದರೆ, ‘ನನ್ನ ಕೈಲಿ ಆಗುವುದಿಲ್ಲ, ಅಲ್ಲಿಗೆ ಹೋಗಿ’ ಎಂದು ಕಳಿಸುವ ಜಾಗವೇ ಇಲ್ಲವಾಯಿತು. ರೆಫರ್ ಮಾಡಲು ಜನ ಇದ್ದಾರೆ ಎಂಬ ಧೈರ್ಯ ಬಳಲಿಕೆಯನ್ನು ಎಷ್ಟು ತಡೆಯುತ್ತದೆ ಎಂದು ಅದು ಹೋದಾಗಲೇ ತಿಳಿಯುವುದು.

ಇನ್ನು ಭಾಷೆ. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲ ಒಂದೇ ಬಸ್‌ನಲ್ಲಿ ಕೇಳುವ ಊರು ಇದು. ಕ್ಲೈಂಟ್ ತುಳುವಿನಲ್ಲಿ ಅಳುತ್ತಾರೆ, ಕೌನ್ಸೆಲರ್ ಕನ್ನಡದಲ್ಲಿ ಯೋಚಿಸುತ್ತಾರೆ, ರಿಪೋರ್ಟ್ ಮಲಯಾಳದಲ್ಲಿ ಹೋಗಬೇಕು, ತರಬೇತಿ ಇಂಗ್ಲಿಷಿನಲ್ಲಿ. ಜಿಲ್ಲಾ ಮೀಟಿಂಗ್‌ನಲ್ಲಿ ಮಾತೆಲ್ಲ ಮಲಯಾಳದಲ್ಲಿ ನಡೆದರೆ ಮಂಜೇಶ್ವರದ ಕನ್ನಡ ಶಾಲೆಯ ಟೀಚರ್ ಹಿಂದಿನ ಸಾಲಿನಲ್ಲಿ ಸುಮ್ನೆ ಕೂತು ಬರುತ್ತಾರೆ. ಗುಂಪಿನಲ್ಲಿ ಇದ್ದೂ ಒಂಟಿ.

ಇದೆಲ್ಲದರ ಮೇಲೆ ಜನರ ಸಂಖ್ಯೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ತೊಂದರೆ ಯಾವುದು ಎಂಬುದರ ಮೇಲೆ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಇರುವ ಕೆಲವೇ ಮಂದಿ ಕೆಲಸ ಬಿಟ್ಟರೆ ಆ ಜಾಗಕ್ಕೆ ಬರುವವರು ಬೇಗ ಸಿಗುವುದಿಲ್ಲ.

ಸೂಪರ್‌ವಿಷನ್, ಜೊತೆಗಾರರ ಗುಂಪು, ವಾಟ್ಸಾಪ್

ಮೂರೂ ಒಂದೇ ಎಂದು ತಿಳಿಯುವವರಿದ್ದಾರೆ. ಅಲ್ಲ.

ಸೂಪರ್‌ವಿಷನ್ ಅಂದರೆ ಹೆಚ್ಚು ಅನುಭವ ಇರುವವರ ಎದುರು ಕೇಸ್ ಇಟ್ಟು ಕೆಲಸವನ್ನು ಪರಿಶೀಲಿಸಿಕೊಳ್ಳುವುದು. ಬ್ರಿಟನ್ನಿನ ಕೌನ್ಸೆಲರ್‌ಗಳ ಸಂಘ ಬಿಎಸಿಪಿ ತನ್ನ ಮಾನ್ಯತೆ (ಅಕ್ರೆಡಿಟೇಶನ್) ಪಡೆದ ಸದಸ್ಯರಿಗೆ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಸೂಪರ್‌ವಿಷನ್ ಬೇಕೇಬೇಕು ಎನ್ನುತ್ತದೆ. ಮೂವತ್ತು ವರ್ಷ ಅನುಭವ ಇದ್ದವರಿಗೂ ಅದೇ ನಿಯಮ. ನಮ್ಮಲ್ಲಿ ಕಲಿಯುವಾಗ ಸೂಪರ್‌ವಿಷನ್ ಇದೆ. ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಫಿಲ್. ಮಾಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ (ಆರ್‌ಸಿಐ) ನೋಂದಣಿ ಆದವರು ಅದರಲ್ಲಿ ಪಳಗಿರುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಹೆಚ್ಚಿನವರಿಗೆ ಅದು ತಪ್ಪುತ್ತದೆ. ಶಾಲಾ ಕೌನ್ಸೆಲರ್‌ಗಳಿಗೆ ‘ಸೂಪರ್‌ವೈಸರ್’ ಅಂದರೆ ತಿಂಗಳ ರಿಪೋರ್ಟ್ ಕೇಳುವ ಅಧಿಕಾರಿ. ತಮ್ಮ ಕೆಲಸದ ಒಪ್ಪಂದ ಮುಂದುವರಿಸುವವರ ಎದುರು ‘ನನಗೆ ಈ ಕೇಸ್ ತಿಳಿಯುತ್ತಿಲ್ಲ’ ಎಂದು ಯಾರು ಹೇಳುತ್ತಾರೆ? ಲೆಕ್ಕ ಕೇಳುವವರೂ ಕೆಲಸ ಕಲಿಸುವವರೂ ಒಬ್ಬರೇ ಆಗಬಾರದು ಎನ್ನುವುದು ಇದಕ್ಕೇ.

ಜೊತೆಗಾರರ ಗುಂಪಿನಲ್ಲಿ ಮೇಲು ಕೀಳು ಇಲ್ಲ. ನಾಲ್ಕರಿಂದ ಎಂಟು ಜನ, ತಿಂಗಳಿಗೆ ಒಂದೆರಡು ಸಲ, ಒಂದೂವರೆ ಗಂಟೆ. ದುಡ್ಡು ಬೇಡ. ಆದರೆ ಕ್ರಮ ಬೇಕು.

ಕ್ರಮಕ್ಕೆ ಒಳ್ಳೆಯ ಮಾದರಿ ಬಾಲಿಂಟ್ ಗುಂಪು. ಹಂಗೇರಿಯಿಂದ ಇಂಗ್ಲೆಂಡಿಗೆ ಹೋದ ಮೈಕೆಲ್ ಬಾಲಿಂಟ್, ಇಂಗ್ಲೆಂಡಿನವರೇ ಆದ ಎನಿಡ್ ಬಾಲಿಂಟ್ ಜೊತೆ ಸೇರಿ 1950ರ ದಶಕದಲ್ಲಿ ಲಂಡನ್ನಿನಲ್ಲಿ ಸಾಮಾನ್ಯ ಡಾಕ್ಟರುಗಳಿಗಾಗಿ ಇದನ್ನು ಕಟ್ಟಿದರು. ಒಬ್ಬರು ತಮ್ಮನ್ನು ಕಾಡುವ ಒಂದು ಕೇಸ್ ಹೇಳುತ್ತಾರೆ. ಫೈಲ್ ನೋಡುವಂತಿಲ್ಲ, ನೆನಪಿನಿಂದಲೇ ಹೇಳಬೇಕು. ಯಾವುದು ಮರೆತಿತು ಎಂಬುದೂ ಒಂದು ಸುಳಿವು. ಆಮೇಲೆ ಅವರು ಕುರ್ಚಿ ಹಿಂದಕ್ಕೆ ಎಳೆದು ಸುಮ್ಮನೆ ಕೂರುತ್ತಾರೆ. ಉಳಿದವರು ಮಾತಾಡುತ್ತಾರೆ. ರೋಗ ಯಾವುದು, ಮದ್ದು ಯಾವುದು ಎಂಬುದರ ಬಗ್ಗೆ ಅಲ್ಲ. ಈ ಇಬ್ಬರ ನಡುವೆ ಏನು ನಡೆಯುತ್ತಿದೆ ಎಂಬುದರ ಬಗ್ಗೆ.

ಒಂದು ಕಲ್ಪಿತ ಉದಾಹರಣೆ ಕಟ್ಟೋಣ. ಹೈಸ್ಕೂಲಿನ ಕೌನ್ಸೆಲಿಂಗ್ ಟೀಚರ್ ಒಬ್ಬರು ಹೇಳುತ್ತಾರೆ. ಒಂಬತ್ತನೇ ಕ್ಲಾಸಿನ ಹುಡುಗಿ, ಅಪ್ಪ ಗಲ್ಫ್‌ನಲ್ಲಿ. ಮೊದಲು ವಾರ ವಾರ ಬರುತ್ತಿದ್ದಳು, ಈಗ ಕರೆದರೂ ಬರುವುದಿಲ್ಲ. ‘ಅಷ್ಟು ಮಾಡಿದ್ದೇನೆ ಅವಳಿಗೆ. ನನಗೆ ಸಿಟ್ಟೇ ಬಂದಿದೆ.’ ಹೇಳಿ ಮುಗಿಸಿ ಹಿಂದಕ್ಕೆ ಸರಿಯುತ್ತಾರೆ.

ಒಬ್ಬರು ಹೇಳುತ್ತಾರೆ: ‘ನಾನು ಆ ಹುಡುಗಿ ಆಗಿದ್ದರೆ ನನಗೂ ಬರಲು ಹೆದರಿಕೆ. ಕೋಣೆ ಸ್ಟಾಫ್ ರೂಮಿನ ಪಕ್ಕ ಅಂದಿರಲ್ಲ. ಒಳಗೆ ಹೋಗುವುದನ್ನು ಎಲ್ಲ ಟೀಚರ್‌ಗಳೂ ನೋಡುತ್ತಾರೆ.’ ಇನ್ನೊಬ್ಬರು: ‘ನನಗೆ ಕೇಳುವಾಗ ಸಿಟ್ಟಿಗಿಂತ ಭಯ ಜಾಸ್ತಿ ಅನ್ನಿಸಿತು. ಆ ಹುಡುಗಿಗೆ ಏನಾದರೂ ಆದರೆ ಎಂಬ ಭಯ.’ ಮೂರನೆಯವರು: ‘ಅಪ್ಪನೂ ಕೇಳಿದಾಗ ಫೋನಿಗೆ ಸಿಗುವುದಿಲ್ಲ ಅಂದಿರಿ. ಈಗ ಅವಳು ನಿಮಗೆ ಸಿಗುತ್ತಿಲ್ಲ.’

ಯಾರೂ ‘ಹೀಗೆ ಮಾಡಿ’ ಅನ್ನಲಿಲ್ಲ. ಆದರೂ ಟೀಚರ್ ಮನೆಗೆ ಹೋಗುವಾಗ ಎರಡು ವಿಷಯ ಬದಲಾಗಿರುತ್ತವೆ. ಸಿಟ್ಟಿನ ಕೆಳಗಿನ ಭಯ ಕಂಡಿದೆ. ಸೋಮವಾರ ಹೆಡ್ಮಾಸ್ಟರ ಹತ್ತಿರ ಲೈಬ್ರರಿಯ ಮೂಲೆ ಕೇಳಬಹುದು ಎಂಬ ಯೋಚನೆ ಬಂದಿದೆ. ಮಾಸ್ಲಾಕ್ ಹೇಳಿದ ಎರಡನೇ ಮುಖಕ್ಕೆ ಮದ್ದು ಇಲ್ಲೇ ಇರುವುದು. ‘ಹಠಮಾರಿ ಕೇಸ್’ ಆಗುತ್ತಿದ್ದವಳು ಮತ್ತೆ ಹುಡುಗಿ ಆದಳು. ಮೂರನೇ ಮುಖಕ್ಕೂ ಅಷ್ಟೇ. ತನ್ನ ಕೆಲಸವನ್ನು ಅರಿತವರು ನಾಲ್ಕು ಜನ ಗಂಭೀರವಾಗಿ ಕೇಳಿದರು ಎಂಬುದೇ ಒಂದು ಪ್ರತಿಫಲ.

ಇನ್ನು ವಾಟ್ಸಾಪ್. ಟ್ರೈನಿಂಗ್ ಎಲ್ಲಿದೆ, ಯಾವ ಡಾಕ್ಟ್ರು ಯಾವ ದಿನ ಸಿಗುತ್ತಾರೆ, ಇದಕ್ಕೆಲ್ಲ ಬಹಳ ಒಳ್ಳೆಯದು. ಕೇಸ್ ಚರ್ಚೆಗೆ ಮಾತ್ರ ಬೇಡವೇ ಬೇಡ. ಹೆಸರು ಬರೆಯದಿದ್ದರೂ ‘ಕುಂಬಳೆ ಹತ್ತಿರದ ಪ್ಲಸ್ ಟು ಹುಡುಗ, ಅಪ್ಪ ಕಳೆದ ತಿಂಗಳು ತೀರಿಕೊಂಡರು’ ಎಂದರೆ ನಮ್ಮ ಜಿಲ್ಲೆಯಲ್ಲಿ ಎಷ್ಟು ಮಂದಿಗೆ ಗೊತ್ತಾಗಲಿಕ್ಕಿಲ್ಲ? ಒಂದು ಫಾರ್ವರ್ಡ್ ಸಾಕು.

ಗುಂಪು ಕೆಡುವುದು ಹೇಗೆ

ಎಲ್ಲ ಗುಂಪೂ ಒಳ್ಳೆಯದು ಮಾಡುತ್ತದೆ ಎಂದೇನಿಲ್ಲ. ಕೆಲವು ಗುಂಪುಗಳು ಬರೀ ದೂರಿನ ಕಟ್ಟೆ ಆಗುತ್ತವೆ. ಸಂಬಳ ಬರಲಿಲ್ಲ, ಅಧಿಕಾರಿ ಹೀಗೆ, ಪೋಷಕರು ಹಾಗೆ. ಮೊದಲ ಹತ್ತು ನಿಮಿಷ ಹಗುರ ಅನ್ನಿಸುತ್ತದೆ. ಒಂದೇ ತೊಂದರೆಯನ್ನು ಇಬ್ಬರು ಸೇರಿ ಮತ್ತೆ ಮತ್ತೆ ಮೆಲುಕು ಹಾಕಿದರೆ ಸ್ನೇಹ ಗಟ್ಟಿಯಾಗುತ್ತದೆ, ಜೊತೆಗೆ ಬೇಸರವೂ ಹೆಚ್ಚುತ್ತದೆ ಎಂದು ಹದಿಹರೆಯದವರ ಮೇಲಿನ ಅಧ್ಯಯನಗಳು ತೋರಿಸಿವೆ. ದೊಡ್ಡವರೂ ಈ ವಿಷಯದಲ್ಲಿ ಅಷ್ಟೇನೂ ಬೇರೆಯಲ್ಲ ಎಂದು ನನ್ನ ಅಂದಾಜು. ದೂರು ಹೇಳಲು ಮೊದಲ ಹದಿನೈದು ನಿಮಿಷ ಇಟ್ಟುಕೊಂಡು ಆಮೇಲೆ ಕೇಸ್‌ಗೆ ಬರುವುದು ಒಳ್ಳೆಯದು.

ಇನ್ನೊಂದು ತಪ್ಪು, ಕೆಟ್ಟ ಘಟನೆ ನಡೆದ ಕೂಡಲೇ ಎಲ್ಲರನ್ನೂ ಕೂರಿಸಿ ಎಲ್ಲವನ್ನೂ ಹೇಳಿಸುವುದು. ಒಬ್ಬ ವಿದ್ಯಾರ್ಥಿ ಆತ್ಮಹತ್ಯೆ ಮಾಡಿಕೊಂಡ ಎಂದಿಟ್ಟುಕೊಳ್ಳಿ. ಮರುದಿನವೇ ಕೌನ್ಸೆಲರ್ ಬಾಯಿಂದ ಪ್ರತಿಯೊಂದು ವಿವರ ಹೊರಡಿಸಿದರೆ ಮನಸ್ಸು ಹಗುರವಾಗುತ್ತದೆ ಎಂದು ಹಿಂದೆ ನಂಬಿದ್ದರು. ಇಂಥ ಒಂದೇ ಸಲದ ಡೀಬ್ರೀಫಿಂಗ್‌ನಿಂದ ಮುಂದಿನ ಆಘಾತದ ತೊಂದರೆ ತಪ್ಪುವುದಿಲ್ಲ ಎಂದು ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದಾಗ ಕಂಡುಬಂತು. ಆಗ ಬೇಕಾದದ್ದು ಊಟ, ನಿದ್ದೆ, ಆ ವಾರದ ಕೇಸ್‌ಗಳನ್ನು ಹಂಚಿಕೊಳ್ಳುವ ಜನ. ಮಾತು ಅವರಿಗೆ ಬೇಕೆನಿಸಿದಾಗ ಬರಲಿ.

ಮೂರನೆಯದು ಗುಂಪಿನವರ ತಪ್ಪಲ್ಲ, ಮೇಲಿನವರ ಜಾಣತನ. ‘ನಿಮಗೆ ಗುಂಪು ಇದೆಯಲ್ಲ’ ಎಂದು ಹೇಳಿ ಇನ್ನೆರಡು ಶಾಲೆ ಕೊಡುವುದು. ಡಾಕ್ಟರುಗಳ ಬರ್ನ್‌ಔಟ್ ಕಡಿಮೆ ಮಾಡುವ ಪ್ರಯತ್ನಗಳನ್ನು 2017ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ ಒಂದು ವಿಷಯ ಎದ್ದು ಕಂಡಿತು. ವ್ಯಕ್ತಿಗೆ ಕೊಡುವ ತರಬೇತಿಗಿಂತ ಕೆಲಸದ ವೇಳೆ, ಹೊರೆ, ವ್ಯವಸ್ಥೆ ಬದಲಾಯಿಸಿದಾಗ ಗುಣ ಜಾಸ್ತಿ. ವರ್ಷ ವರ್ಷ ಒಪ್ಪಂದ ಮುಂದುವರಿಯುತ್ತದೋ ಇಲ್ಲವೋ ಎಂದು ಕಾಯುವ ಗುತ್ತಿಗೆಯ ಕೌನ್ಸೆಲರ್‌ಗೆ ಯಾವ ಗುಂಪೂ ಪೂರ್ತಿ ಪರಿಹಾರವಲ್ಲ. ಆದರೆ ಒಬ್ಬೊಬ್ಬರಾಗಿ ಕೇಳಲಾಗದ್ದನ್ನು ಗುಂಪಾಗಿ ಕೇಳಬಹುದು. ದಿನಕ್ಕೆ ಇಷ್ಟೇ ಸೆಷನ್, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ತಿಂಗಳಿಗೆ ಅರ್ಧ ದಿನ ಕೇಸ್ ಚರ್ಚೆಗೆ ಡ್ಯೂಟಿ ಎಂದೇ ಬರೆದುಕೊಡುವುದು. ಈ ಮೂರನೆಯದನ್ನು ಮೊದಲು ಕೇಳಿ. ಖರ್ಚಿಲ್ಲದ್ದು, ಹಾಗಾಗಿ ಸಿಗುವ ಸಾಧ್ಯತೆಯೂ ಹೆಚ್ಚು.

ಇಲ್ಲಿ ಶುರು ಮಾಡುವುದಾದರೆ

ನಾಲ್ಕು ಜನ ಸಾಕು. ಎಲ್ಲರೂ ಸೈಕಾಲಜಿಸ್ಟ್ ಆಗಬೇಕೆಂದಿಲ್ಲ. ಬಡ್ಸ್ ಶಾಲೆಯ ಟೀಚರ್, ಸ್ಪೀಚ್ ಥೆರಪಿಸ್ಟ್, ಪ್ಯಾಲಿಯೇಟಿವ್ ನರ್ಸ್ ಸೇರಿದರೆ ನೋಟ ಇನ್ನೂ ಅಗಲ. ಕೇರಳದ ಪ್ಯಾಲಿಯೇಟಿವ್ ಕೆಲಸ 1993ರಲ್ಲಿ ಕೋಝಿಕ್ಕೋಡಿನಲ್ಲಿ ಶುರುವಾಗಿ ಊರೂರಿಗೆ ಹಬ್ಬಿದ್ದು ಸ್ವಯಂಸೇವಕರನ್ನು ಸೇರಿಸಿಕೊಂಡೇ. ಒಬ್ಬರೇ ಹೊರಬಾರದು ಎಂಬ ಪಾಠ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಜಾಗ ಕುಂಬಳೆ ಆದರೆ ಮಂಜೇಶ್ವರದವರಿಗೂ ಕಾಸರಗೋಡಿನವರಿಗೂ ರೈಲು ಇದೆ, ಬದಿಯಡ್ಕದವರಿಗೆ ಬಸ್ ಇದೆ. ಹೋಟೆಲ್ ಬೇಡ, ಬಾಗಿಲು ಇರುವ ಕೋಣೆ ಬೇಕು. ಭಾಷೆಯ ಬಗ್ಗೆ ಒಂದೇ ನಿಯಮ ಸಾಕು. ಕ್ಲೈಂಟ್ ಆಡಿದ ಮಾತನ್ನು ಅವರು ಆಡಿದ ಭಾಷೆಯಲ್ಲೇ ಹೇಳಿ, ಉಳಿದ ಚರ್ಚೆ ಎಲ್ಲರಿಗೂ ತಿಳಿಯುವ ಹಾಗೆ ಕಲಸಿ ಆಡಿ. ಬೀದಿಯಲ್ಲಿ ದಿನಾ ಮಾಡುವುದು ಅದನ್ನೇ ತಾನೆ?

ಸಣ್ಣ ಊರಿನಲ್ಲಿ ಗುಟ್ಟಿಗೆ ಹೆಚ್ಚಿನ ಎಚ್ಚರ ಬೇಕು. ಹೆಸರು ಮಾತ್ರ ಬದಲಾಯಿಸಿದರೆ ಸಾಲದು. ಊರು, ತರಗತಿ, ಅಪ್ಪನ ಉದ್ಯೋಗವನ್ನೂ ಬದಲಾಯಿಸಿ. ಕೇಸ್ ಶುರುವಾದ ಮೇಲೆ ‘ಇವರು ನನಗೆ ಗೊತ್ತು’ ಅನ್ನಿಸಿದವರು ಕಾರಣ ಹೇಳದೆ ಎದ್ದು ಹೊರಗೆ ಹೋಗಬೇಕು. ಮೊದಲ ದಿನವೇ ಇದನ್ನು ಒಪ್ಪಿಕೊಂಡಿದ್ದರೆ ಆಮೇಲೆ ಮುಜುಗರ ಇಲ್ಲ. ಪೋಕ್ಸೋ ಕೇಸ್‌ನಲ್ಲಿ ಮಗು ಯಾರೆಂದು ತಿಳಿಯುವ ಯಾವ ವಿವರವೂ ಬೇಡ. ಅಲ್ಲಿ ಮಾತಾಡಬೇಕಾದದ್ದು ಟೀಚರ್‌ಗೆ ಏನಾಯಿತು ಎಂಬುದನ್ನು. ಕೆಲವು ಕೇಸ್ ಜಿಲ್ಲೆಯೊಳಗೆ ಹೇಳಲು ಸಾಧ್ಯವೇ ಇಲ್ಲ. ಅದಕ್ಕಾಗಿ ಪುತ್ತೂರಿನಲ್ಲೋ ಮೈಸೂರಿನಲ್ಲೋ ಇರುವ ಕನ್ನಡ ಬಲ್ಲ ಹಿರಿಯರೊಬ್ಬರನ್ನು ಎರಡು ತಿಂಗಳಿಗೊಮ್ಮೆ ವಿಡಿಯೋ ಕರೆಯಲ್ಲಿ ಗೊತ್ತು ಮಾಡಿಕೊಳ್ಳಬಹುದು. ಅವರ ಸಮಯಕ್ಕೆ ದುಡ್ಡು ಕೊಡಿ. ಪುಕ್ಕಟೆ ಸಿಗುವ ಸೂಪರ್‌ವಿಷನ್ ಎರಡನೇ ಸಲಕ್ಕೇ ಮುಂದೂಡಿ ಹೋಗುತ್ತದೆ.

ಗುಂಪು ಥೆರಪಿ ಅಲ್ಲ ಎಂಬುದನ್ನೂ ಮೊದಲೇ ಹೇಳಿಕೊಳ್ಳಬೇಕು. ನಿದ್ದೆ ಹೋಗಿದೆ, ವಾರಗಟ್ಟಲೆ ಯಾವುದರಲ್ಲೂ ಮನಸ್ಸಿಲ್ಲ, ಸಾಯುವ ಯೋಚನೆ ಬರುತ್ತಿದೆ ಎಂದಾದರೆ ಜೊತೆಗಾರರು ಚಿಕಿತ್ಸೆ ಕೊಡಲು ಕೂರಬಾರದು. ಆಸ್ಪತ್ರೆಗೆ ಜೊತೆಯಲ್ಲಿ ಹೋಗಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಕ್ಲೈಂಟ್‌ಗಳಿಗೆ ಮಾತ್ರ ಎಂದೇನಿಲ್ಲ. ಕೌನ್ಸೆಲರ್ ಕೂಡ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು.

ಕಡೆಗೆ ಒಂದು ಚಿಕ್ಕ ವ್ಯವಸ್ಥೆ. ಜಾಸ್ತಿ ಬಳಲಿದವರು ಗುಂಪಿಗೆ ಬಂದು ‘ಬಳಲಿದ್ದೇನೆ’ ಅನ್ನುವುದಿಲ್ಲ, ಗುಂಪಿಗೆ ಬರುವುದನ್ನೇ ಬಿಡುತ್ತಾರೆ. ‘ಈ ಸಲ ಸ್ವಲ್ಪ ಬ್ಯುಸಿ’ ಎಂಬ ಮೆಸೇಜ್ ಎರಡು ಸಲ ಬಂದರೆ ಯಾರು ಫೋನ್ ಮಾಡಬೇಕು ಎಂದು ಮೊದಲ ದಿನವೇ ಇಬ್ಬಿಬ್ಬರ ಜೋಡಿ ಮಾಡಿ ಬರೆದಿಡಿ. ಮೆಸೇಜ್ ಸಾಲದು, ಫೋನೇ ಮಾಡಬೇಕು. ತೆಗೆಯದಿದ್ದರೆ ಆ ವಾರವೇ ಅವರ ಶಾಲೆಯ ಕಡೆಗೊಮ್ಮೆ ಹೋಗಿ ಬನ್ನಿ.